ಬೈಠಕ್ ಬಾರದ ಕಂಪ್ಯೂಟರ್: ನಮ್ಮ ಮೈ ಅಳೆದವರು ಯಾರು?

(ಇತಿಹಾಸ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ನಿಪ್ಪಾಣಿ ಬಸ್ ಸ್ಟ್ಯಾಂಡಿನಾಗ ನಿಂತು ಕೇಳೋರಿಗೂ, ಅಥಣಿಯ ಗ್ರೌಂಡಿನಾಗ ರೌಂಡ್ ಹೊಡೀತಾ ಕೇಳೋರಿಗೂ ಸ್ವಾಗತ. ಕಥೆ ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ಜಾಗ ಇದ್ರೆ ಒಂದೇ ಒಂದು ಬೈಠಕ್ ಹೊಡೀರಿ. ಅರ್ಧಕ್ಕ ನಿಲ್ಲಬ್ಯಾಡ್ರಿ, ತೊಡೆಯ ಹಿಂಭಾಗ ಮೀನಖಂಡಕ್ಕೆ ತಾಗೋವರೆಗೂ ಕೆಳಗೆ ಹೋಗ್ರಿ.

ಆಯ್ತಾ? ಈಗ ಕೇಳ್ರಿ. ನೀವು ಮೂರು ಸೆಕೆಂಡಿನಲ್ಲಿ ಮಾಡಿದ ಈ ಕೆಲಸವನ್ನು, ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಳಸುವ ಒಂದು ಪ್ರಸಿದ್ಧ ಕಂಪ್ಯೂಟರ್ ಮನುಷ್ಯ ಪೂರ್ತಿ ಮಾಡಲಾರ. ಅವನ ಮೊಣಕಾಲು 120 ಡಿಗ್ರಿ ಮಡಚಿ ನಿಂತುಬಿಡುತ್ತದೆ. ನಾವು ಕುಕ್ಕರಗಾಲಲ್ಲಿ ಕೂತಾಗ ಮೊಣಕಾಲು 150 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಅಂದರೆ ನಮ್ಮ ಗರಡಿಮನೆಯ ಬೈಠಕ್, ಹೊಲದಲ್ಲಿ ಕಳೆ ತೆಗೆಯುವ ಅವ್ವ ಕೂಡುವ ರೀತಿ, ಊಟದ ಪಂಕ್ತಿಯಿಂದ ನಾವು ಏಳುವ ರೀತಿ, ಇವೆಲ್ಲ ಆ ಮಾದರಿಯ ಲೆಕ್ಕದಿಂದ ಹೊರಗೆ.

ಯಾಕೆ ಹೀಗೆ? ಆ ಕಂಪ್ಯೂಟರ್ ಮನುಷ್ಯನನ್ನು ಯಾರ ಮೈ ನೋಡಿ ಮಾಡಿದರು? ಇವತ್ತಿನ ಕಥೆ ಅದು.

ಬೆಳಗಾವಿಯಿಂದ ಆಂಟ್‌ವರ್ಪ್‌ಗೆ

ಮೊದಲು ನಮ್ಮ ಜಿಲ್ಲೆಯ ಒಬ್ಬ ಓಟಗಾರನಿಂದಲೇ ಶುರು ಮಾಡೋಣ. 1919ರ ಸುಮಾರಿಗೆ ದೊರಾಬ್ಜಿ ಟಾಟಾ ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದರು. ಅಲ್ಲಿನ ಓಟದ ಸ್ಪರ್ಧೆಗೆ ಬಂದವರಲ್ಲಿ ರೈತಾಪಿ ಹುಡುಗರು ಬಹಳ. ಬರಿಗಾಲು. ಕೋಚ್ ಇಲ್ಲ, ಓಟದ ಶಾಸ್ತ್ರ ಗೊತ್ತಿಲ್ಲ. ಆದರೂ ಅವರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರಿಗೆ ಅಷ್ಟೇನೂ ದೂರ ಇರಲಿಲ್ಲ. ಇದು ಟಾಟಾ ಅವರ ಕಣ್ಣಿಗೆ ಬಿತ್ತು. ಅದರ ಫಲವಾಗಿ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಒಂದು ಸಣ್ಣ ತಂಡ ಹೊರಟಿತು.

ಆ ತಂಡದಲ್ಲಿದ್ದವರು ಬೆಳಗಾವಿಯ ಫಡೆಪ್ಪ ಚೌಗುಲೆ. ಒಲಿಂಪಿಕ್ ಮ್ಯಾರಥಾನ್ ಓಡಿದ ಮೊದಲ ಭಾರತೀಯರಲ್ಲಿ ಒಬ್ಬರು. ಆಂಟ್‌ವರ್ಪ್‌ನ ಮ್ಯಾರಥಾನ್ ಈಗಿನಂತೆ 42.195 ಕಿ.ಮೀ. ಅಲ್ಲ, 42.75 ಕಿ.ಮೀ. ಇತ್ತು. ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ್ದು. ಚೌಗುಲೆ 19ನೆಯವರಾಗಿ ಬಂದರು. ಅದೇ ತಂಡದ ಕುಸ್ತಿಪಟು ಶಿಂದೆ ಫೆದರ್‌ವೇಟ್ ವಿಭಾಗದಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಪದಕಕ್ಕೆ ಒಂದೇ ಮೆಟ್ಟಿಲು ಕಡಿಮೆ.

ಒಮ್ಮೆ ಯೋಚನೆ ಮಾಡ್ರಿ. ಇಂಥ ಓಟಗಾರನ ಹೆಜ್ಜೆ ನೆಲಕ್ಕೆ ಹೇಗೆ ಬೀಳುತ್ತಿತ್ತು? ಹಿಮ್ಮಡಿ ಮೊದಲೋ, ಮುಂಗಾಲು ಮೊದಲೋ? ಮೊಣಕಾಲು ಎಷ್ಟು ಬಾಗುತ್ತಿತ್ತು? ಯಾರೂ ಅಳೆದಿಡಲಿಲ್ಲ. ಅಳೆಯುವ ವಿದ್ಯೆಯೇ ಆಗ ಇರಲಿಲ್ಲ ಅಂತಲ್ಲ. ಯುರೋಪಿನಲ್ಲಿ ಅದು ಶುರುವಾಗಿ ಆಗಲೇ ಮೂವತ್ತು ನಾಲ್ವತ್ತು ವರ್ಷ ಆಗಿತ್ತು. ಆದರೆ ಅಲ್ಲಿಗೆ ಹೋಗುವ ಮುಂಚೆ, ನಮ್ಮಲ್ಲಿ ಇನ್ನೊಂದು ರೀತಿಯ ವಿದ್ಯೆ ಇತ್ತು. ಅದನ್ನೊಮ್ಮೆ ನೋಡಿ ಹೋಗೋಣ.

ಕಂಬವೇ ಎದುರಾಳಿ

12ನೆಯ ಶತಮಾನ. ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆಯಿಂದ ಆಡಳಿತದವರೆಗೆ ಎಲ್ಲಾ ಇರುವ ಆ ಪುಸ್ತಕದಲ್ಲಿ ಕುಸ್ತಿಗೂ ಒಂದು ಭಾಗ ಇದೆ. ಪೈಲ್ವಾನರನ್ನು ವಯಸ್ಸು, ಮೈಕಟ್ಟು, ಶಕ್ತಿ ನೋಡಿ ವಿಂಗಡಿಸುತ್ತದೆ. ಏನು ತಿನ್ನಬೇಕು ಅಂತ ಹೇಳುತ್ತದೆ. ಸಾಧನೆಗಳ ಪಟ್ಟಿ ಕೊಡುತ್ತದೆ: ಭಾರ ಎತ್ತುವುದು, ನಡೆಯುವುದು, ನೀರಲ್ಲಿ ಈಜುವುದು, ತೋಳುಗಳ ತಳ್ಳಾಟ, ಆಮೇಲೆ ‘ಸ್ತಂಭಶ್ರಮ’, ಅಂದರೆ ಕಂಬದ ಸಾಧನೆ.

ಕಂಬದ ಸಾಧನೆ ಅಂದ ಕೂಡಲೇ ನಮಗೆ ನೆನಪಾಗೋದು ಮಲ್ಲಕಂಬ. 19ನೆಯ ಶತಮಾನದ ಮೊದಲಲ್ಲಿ, ಎರಡನೆಯ ಬಾಜಿರಾಯ ಪೇಶ್ವೆಯ ಕಾಲದಲ್ಲಿ, ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಮತ್ತೆ ಜೀವ ತುಂಬಿದರು. ಇವತ್ತು ನಾವು ಅದನ್ನು ಪ್ರದರ್ಶನ ಅಂತ ನೋಡ್ತೀವಿ, ಚಪ್ಪಾಳೆ ಹೊಡೀತೀವಿ. ಆದರೆ ಅದರ ಮೂಲ ಉಪಯೋಗ ಏನು? ಕಂಬ ಎದುರಾಳಿಯ ಬದಲಿ. ಮೇಲೆ ಸಪೂರಾಗುತ್ತಾ ಹೋಗುವ ಕಂಬಕ್ಕೆ ಕುತ್ತಿಗೆ ಇದೆ, ತಲೆ ಇದೆ. ಎಣ್ಣೆ ಸವರಿರುತ್ತಾರೆ, ಬೆವರಿದ ಮೈಯಂತೆ ಜಾರಲಿ ಅಂತ. ಅದನ್ನು ತಬ್ಬಿ, ತೊಡೆಯಲ್ಲಿ ಬಿಗಿದು, ಪೈಲ್ವಾನ ತನ್ನ ಹಿಡಿತ ತಿದ್ದಿಕೊಳ್ಳುತ್ತಾನೆ. ತಪ್ಪಾದರೆ ಎದುರಾಳಿಗೆ ಪೆಟ್ಟಿಲ್ಲ, ಸೋಲಿಲ್ಲ. ಮತ್ತೊಮ್ಮೆ ಮಾಡಬಹುದು.

ಸಿಮ್ಯುಲೇಟರ್ ಅಂದ್ರೂ ಅದೇ ಅಲ್ಲೇನ್ರೀ? ನಿಜವಾದದ್ದರ ಬದಲಿಗೆ ಒಂದು ಮಾದರಿ ಇಟ್ಟುಕೊಂಡು, ಅಪಾಯ ಇಲ್ಲದೆ ಕಲಿಯೋದು.

ನಮ್ಮ ಐದು ತಾಲೂಕುಗಳಿಗೆ ಈ ವಿದ್ಯೆ ಪರಕೀಯ ಅಲ್ಲ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು ಒಂದು ತಾಸಿನ ದಾರಿ. ಅಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಷ್ಟು ಹಳೆಯದು. ಕಾಗವಾಡದಿಂದ ಮೀರಜ್ ಇನ್ನೂ ಹತ್ತಿರ. ಕೆಂಪು ಮಣ್ಣಿನ ಕುಸ್ತಿಗೆ ರಾಜ್ಯದ ಗಡಿ ಯಾವತ್ತೂ ಅಡ್ಡ ಬಂದಿಲ್ಲ. ಜಾತ್ರೆ ಅಂದರೆ ಕುಸ್ತಿ, ಗುಂಡು ಎತ್ತುವ ಪಂದ್ಯ, ಓಟ.

ಗರಡಿಮನೆಯ ಜ್ಞಾನಕ್ಕೆ ಒಂದು ಮಿತಿಯೂ ಇತ್ತು. ವಸ್ತಾದ ಕಣ್ಣಿನಲ್ಲಿ ನೋಡಿ, ಕೈಯಿಂದ ತಿದ್ದುತ್ತಿದ್ದ. ‘ಬೆನ್ನು ಬಗ್ಗಿಸಬ್ಯಾಡೋ, ಕಲ್ಲನ್ನ ಎದಿಗೆ ಅಪ್ಪಿಕೋ’ ಅನ್ನುತ್ತಿದ್ದ. ಅದು ಸರಿಯಾದ ಮಾತೇ. ಆದರೆ ಯಾಕೆ ಸರಿ, ಎಷ್ಟು ಸರಿ ಅನ್ನೋದು ಅಂಕಿಯಾಗಿ ಉಳಿಯಲಿಲ್ಲ. ವಸ್ತಾದ ಹೋದರೆ ಆ ಕಣ್ಣೂ ಹೋಯಿತು.

ಸೈನಿಕನ ಹೆಜ್ಜೆಯ ಲೆಕ್ಕ

ಅಂಕಿ ಉಳಿಸುವ ಕೆಲಸ ಶುರುವಾದದ್ದು ಬೇರೆ ಕಡೆ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ಇಟ್ಟು, ಓಡುವ ಕುದುರೆಯ ಚಿತ್ರ ತೆಗೆದ. ಒಂದು ಕ್ಷಣ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ ಅಂತ ಆಗ ಸಾಬೀತಾಯಿತು. ಸಾವಿರಾರು ವರ್ಷ ಕುದುರೆ ಸಾಕಿದ ಮನುಷ್ಯನ ಕಣ್ಣಿಗೆ ಅದು ಖಚಿತವಾಗಿ ಕಂಡಿರಲಿಲ್ಲ.

ಪ್ಯಾರಿಸ್‌ನಲ್ಲಿ ಎಟಿಯೆನ್ ಜೂಲ್ ಮಾರೆ ಇನ್ನೊಂದು ಹೆಜ್ಜೆ ಮುಂದೆ ಹೋದ. 1880ರ ದಶಕದಲ್ಲಿ ಆತ ಓಟಗಾರನಿಗೆ ಮೈತುಂಬಾ ಕಪ್ಪು ಬಟ್ಟೆ ತೊಡಿಸಿ, ಕೈಕಾಲುಗಳ ಮೇಲೆ ಬಿಳಿ ಗೆರೆ, ಚುಕ್ಕೆ ಇಟ್ಟ. ಫೋಟೊದಲ್ಲಿ ಮನುಷ್ಯ ಮಾಯ, ಬರೀ ಗೆರೆಗಳ ನಡಿಗೆ ಉಳಿಯಿತು. ಇವತ್ತು ಸಿನಿಮಾ ಮೇಕಿಂಗ್ ವಿಡಿಯೊದಲ್ಲಿ ನಟರು ಚುಕ್ಕೆ ಅಂಟಿಸಿದ ಬಿಗಿ ಬಟ್ಟೆ ಹಾಕಿಕೊಂಡು ಹಾರಾಡೋದನ್ನ ನೋಡಿರ್ತೀರಲ್ಲ? ಆ ಚುಕ್ಕೆಗಳ ಅಜ್ಜ ಇವನು.

ಆಮೇಲೆ ಜರ್ಮನಿಯ ಲೈಪ್‌ಜಿಗ್. ವಿಲ್ಹೆಲ್ಮ್ ಬ್ರೌನೆ, ಒಟ್ಟೊ ಫಿಷರ್ ಇಬ್ಬರೂ ಮೊದಲು ಹೆಪ್ಪುಗಟ್ಟಿಸಿದ ಶವಗಳನ್ನು ತೂಗಿ, ದೇಹದ ಯಾವ ಭಾಗಕ್ಕೆ ಎಷ್ಟು ತೂಕ, ತೂಕದ ನಡುಬಿಂದು ಎಲ್ಲಿ ಅಂತ ಕಂಡುಕೊಂಡರು. 1889ರಲ್ಲಿ ಬಂದ ಆ ಅಧ್ಯಯನದ ಉದ್ದೇಶ ಅದರ ಹೆಸರಿನಲ್ಲೇ ಇತ್ತು: ಜರ್ಮನ್ ಕಾಲಾಳು ಸೈನಿಕ ಹೊರುವ ಸಾಮಾನು. 1891ರಲ್ಲಿ ಒಬ್ಬ ಸೈನಿಕನ ಕೈಕಾಲಿಗೆ ಮಿನುಗುವ ಗಾಜಿನ ಕೊಳವೆ ಕಟ್ಟಿ, ಕತ್ತಲಲ್ಲಿ ನಡೆಸಿ, ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದರು. ಕೆಲವೇ ಹೆಜ್ಜೆ. ಅದರ ಲೆಕ್ಕಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಎಲ್ಲಾ ಕೈಬರಹದಲ್ಲಿ. ನಡಿಗೆಯನ್ನು ಮೂರು ಆಯಾಮದಲ್ಲಿ ಗಣಿತವಾಗಿ ಬರೆದ ಮೊದಲ ದೊಡ್ಡ ಕೆಲಸ ಅದು.

ಮುಂದೆ 1955. ಅಮೆರಿಕದಲ್ಲಿ ವಿಲ್‌ಫ್ರಿಡ್ ಡೆಂಪ್‌ಸ್ಟರ್ ಎಂಬ ಅಂಗರಚನಾ ವಿಜ್ಞಾನಿ ವಾಯುಪಡೆಗಾಗಿ ಒಂದು ವರದಿ ಕೊಟ್ಟ. ವಿಮಾನದಲ್ಲಿ ಕೂತವನಿಗೆ ಎಷ್ಟು ಜಾಗ ಬೇಕು ಅನ್ನೋದು ವಿಷಯ. ಅದಕ್ಕಾಗಿ ಅವನು ಅಳೆದದ್ದು 8 ಶವಗಳನ್ನು. ಎಲ್ಲಾ ಗಂಡಸರು, ಎಲ್ಲಾ ಬಿಳಿಯರು, ವಯಸ್ಸು 52ರಿಂದ 83. ತೊಡೆ ದೇಹದ ತೂಕದ ಶೇಕಡಾ ಎಷ್ಟು, ಮುಂಗೈ ಎಷ್ಟು ಎಂಬ ಅವನ ಕೋಷ್ಟಕ ದಶಕಗಳ ಕಾಲ ವಿಶ್ವವಿದ್ಯಾಲಯದ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಇಪ್ಪತ್ತು ವರ್ಷದ ಓಟಗಾರ್ತಿಯ ಲೆಕ್ಕಕ್ಕೂ ಅದೇ ಎಂಟು ಮಂದಿಯ ಮೈ.

ಇಲ್ಲಿ ಯಾರದೂ ದುರುದ್ದೇಶ ಇಲ್ಲ. ಎದುರಿಗೆ ಯಾರು ಸಿಕ್ಕರೋ ಅವರನ್ನು ಅಳೆದರು. ಹಣ ಕೊಟ್ಟವರಿಗೆ ಏನು ಬೇಕಿತ್ತೋ ಅದನ್ನು ಅಳೆದರು. ಆದರೆ ಅದರ ನೆರಳು ಬಹಳ ಉದ್ದ ಬಿತ್ತು.

ಪರದೆಯ ಮೇಲಿನ ಅಸ್ಥಿಪಂಜರ

ಈಗ ಕಂಪ್ಯೂಟರ್ ಕಾಲಕ್ಕೆ ಬರೋಣ. ಇಂದಿನ ಮೋಷನ್ ಲ್ಯಾಬ್ ಹೇಗೆ ಕೆಲಸ ಮಾಡುತ್ತೆ? ವಿದ್ಯಾರ್ಥಿಯ ಕೀಲುಗಳ ಮೇಲೆ ಬೆಳಕು ಪ್ರತಿಫಲಿಸುವ ಸಣ್ಣ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಆ ಗುಂಡುಗಳನ್ನು ಸೆಕೆಂಡಿಗೆ ನೂರಾರು ಸಲ ಗುರುತಿಸುತ್ತವೆ. ನೆಲದಲ್ಲಿ ಹೂತಿಟ್ಟ ಫೋರ್ಸ್ ಪ್ಲೇಟ್, ಪಾದ ನೆಲವನ್ನು ಎಷ್ಟು ಒತ್ತಿತು ಅಂತ ಹೇಳುತ್ತೆ. ಈ ಎರಡನ್ನೂ ಸೇರಿಸಿ ಸಾಫ್ಟ್‌ವೇರ್ ಪರದೆಯ ಮೇಲೆ ಒಂದು ಅಸ್ಥಿಪಂಜರ ನಡೆಸುತ್ತದೆ. ಯಾವ ಕೀಲಿನ ಮೇಲೆ ಎಷ್ಟು ಬಲ, ಯಾವ ಸ್ನಾಯು ಎಷ್ಟು ಎಳೆಯಿತು ಅಂತ ಅಂದಾಜು ಕೊಡುತ್ತದೆ.

ನಮ್ಮ ವಸ್ತಾದನ ಮಾತನ್ನೇ ತಗೊಳ್ರಿ, ‘ಕಲ್ಲನ್ನ ಎದಿಗೆ ಅಪ್ಪಿಕೋ’. 20 ಕೆ.ಜಿ. ಕಲ್ಲು ಸೊಂಟದ ಮೂಳೆಯಿಂದ 40 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ಬೆನ್ನಿನ ಸ್ನಾಯು ಎಳೆಯೋದು ಆ ಮೂಳೆಯಿಂದ ಸುಮಾರು 5 ಸೆಂ.ಮೀ. ಹಿಂದಿನಿಂದ. ತಕ್ಕಡಿಯ ಲೆಕ್ಕ: 20ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಿ. ಆ ಕಲ್ಲಿಗಾಗಿಯೇ ಸ್ನಾಯು 160 ಕೆ.ಜಿ.ಯಷ್ಟು ಎಳೀಬೇಕು. ಅದೇ ಕಲ್ಲನ್ನು 20 ಸೆಂ.ಮೀ.ಗೆ ತಂದು ಅಪ್ಪಿಕೊಂಡರೆ 80 ಕೆ.ಜಿ. ಸಾಕು. ವಸ್ತಾದನ ಒಂದು ಮಾತು ಬೆನ್ನಿನ ಭಾರವನ್ನು ಅರ್ಧ ಮಾಡಿತ್ತು. ಸಿಮ್ಯುಲೇಶನ್ ಇದನ್ನು ಕಣ್ಣಿಗೆ ಕಾಣಿಸುತ್ತದೆ. ಒಂದು ಸ್ನಾಯುವನ್ನು ಪರದೆಯ ಮೇಲೆ ದುರ್ಬಲ ಮಾಡಿ, ನಡಿಗೆ ಏನಾಗುತ್ತೆ ಅಂತ ನೋಡಬಹುದು, ಯಾರ ಮೈಗೂ ನೋವಾಗದೆ. ಅದಕ್ಕೇ ಇದು ಪಾಠ ಮಾಡೋಕೆ ಇಷ್ಟು ಚಲೋ.

ಈ ಕೆಲಸಕ್ಕೆ ಹೆಸರಾದ ತಂತ್ರಾಂಶ ‘ಓಪನ್‌ಸಿಮ್’. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಕಾಟ್ ಡೆಲ್ಪ್ ತಂಡ 2007ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ನಿಮ್ಮ ಲ್ಯಾಪ್‌ಟಾಪಿಗೂ ಇಳಿಸಿಕೊಳ್ಳಬಹುದು. ಅದರ ಜೊತೆ ಬರುವ ಒಂದು ಹಳೆಯ, ಬಹಳ ಬಳಕೆಯ ಮಾದರಿ ಮನುಷ್ಯನ ಎತ್ತರ 1.8 ಮೀಟರ್, ಅಂದರೆ ಐದು ಅಡಿ ಹನ್ನೊಂದು ಇಂಚು. ತೂಕ 75 ಕೆ.ಜಿ. 2016ರಲ್ಲಿ ಬಂದ ಹೊಸ ಮಾದರಿಯಲ್ಲಿ 24 ಆರೋಗ್ಯವಂತ ಯುವಜನರ ಎಂಆರ್‌ಐ ಅಳತೆ, 21 ಶವಗಳ ಸ್ನಾಯು ಅಳತೆ ಸೇರಿದವು. ನಡಿಗೆ, ಓಟಕ್ಕೆ ಅದು ಚೆನ್ನ. ಆದರೆ ಆರಂಭದಲ್ಲಿ ಹೇಳಿದೆನಲ್ಲ, 120 ಡಿಗ್ರಿಗೆ ನಿಲ್ಲುವ ಮೊಣಕಾಲು, ಅದು ಇದರದ್ದೇ. 2017ರಲ್ಲಿ ಇನ್ನೊಂದು ತಂಡ ಅದನ್ನು 140 ಡಿಗ್ರಿಗೆ ಹಿಗ್ಗಿಸಿತು.

ನಿಜ, ನಿಮ್ಮ ಎತ್ತರಕ್ಕೆ ತಕ್ಕಂತೆ ಮಾದರಿಯನ್ನು ಹಿಗ್ಗಿಸಿ ಕುಗ್ಗಿಸಬಹುದು. ಆದರೆ ದೊಡ್ಡವರ ಅಂಗಿಯನ್ನು ಮಡಚಿ ಹೊಲಿದು ಮಗುವಿಗೆ ಹಾಕಿದಂತೆ ಅದು. ಅಳತೆಗೆ ಕೂಡುತ್ತದೆ, ಮೈಗೆ ಕೂಡುತ್ತದೆ ಅಂತ ಹೇಳೋಕಾಗಲ್ಲ.

ಅಳೆದರೆ ನಿಯಮವೇ ಬದಲಾಗುತ್ತೆ

ಇದರಿಂದ ಏನಾಗುತ್ತೆ ಅಂತೀರಾ? ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಕ್ರಿಕೆಟ್. ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಚೆಂಡು ಎಸೀತಾರೆ, ಬೌಲ್ ಮಾಡಲ್ಲ ಅಂತ ಅಂಪೈರ್‌ಗಳು ನೋ ಬಾಲ್ ಕೊಟ್ಟಿದ್ದರು. ಹುಟ್ಟಿನಿಂದಲೇ ಅವರ ತೋಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಪರ್ತ್‌ನ ವಿಶ್ವವಿದ್ಯಾಲಯದ ಮೋಷನ್ ಲ್ಯಾಬಿನಲ್ಲಿ ಅವರನ್ನು ಪರೀಕ್ಷಿಸಿದರು. ಮುಂದೆ ಒಂದು ಹಂತದಲ್ಲಿ ತೋಳು ನೆಟ್ಟಗಾಗುವ ಮಿತಿ ಸ್ಪಿನ್ನರ್‌ಗೆ 5 ಡಿಗ್ರಿ, ವೇಗದ ಬೌಲರ್‌ಗೆ 10 ಡಿಗ್ರಿ ಅಂತ ಇತ್ತು. ಬೇರೆ ಬೌಲರ್‌ಗಳನ್ನೂ ಅಳೆದು ನೋಡಿದಾಗ ಗೊತ್ತಾಯಿತು, ಶುದ್ಧ ಆಕ್ಷನ್ ಅಂತ ಹೊಗಳಿಸಿಕೊಂಡವರ ತೋಳೂ ಮಿತಿ ದಾಟುತ್ತೆ ಅಂತ. 2005ರಿಂದ ಎಲ್ಲರಿಗೂ 15 ಡಿಗ್ರಿ ಎಂಬ ಒಂದೇ ನಿಯಮ ಬಂತು. ಒಬ್ಬನ ಮೈಯನ್ನು ತಪ್ಪು ಅಂದಿದ್ದರು. ಎಲ್ಲರ ಮೈ ಅಳೆದ ಮೇಲೆ ನಿಯಮವನ್ನೇ ತಿದ್ದಬೇಕಾಯಿತು.

ಎರಡನೆಯದು ಜೈಪುರ. ವಿದೇಶಿ ಕೃತಕ ಕಾಲು ಹಾಕಿಸಿಕೊಂಡ ಹಳ್ಳಿಯವರು ಅದನ್ನು ಮೂಲೆಗೆ ಎಸೆಯುತ್ತಿದ್ದರು. ಅದು ಬೂಟು ಹಾಕಿ ಕುರ್ಚಿ ಮೇಲೆ ಕೂಡುವವರಿಗಾಗಿ ಮಾಡಿದ ಕಾಲು. ಕುಕ್ಕರಗಾಲಲ್ಲಿ ಕೂಡೋಕಾಗಲ್ಲ, ಚಕ್ಕಳಮಕ್ಕಳ ಹಾಕೋಕಾಗಲ್ಲ, ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ನಡೆಯೋಕಾಗಲ್ಲ. 1968ರಲ್ಲಿ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನಿಂದ ಜೈಪುರ ಪಾದ ರೂಪಿಸಿದರು. ಅವರ ಹತ್ತಿರ ದೊಡ್ಡ ಲ್ಯಾಬ್ ಇರಲಿಲ್ಲ. ‘ನಮ್ಮ ಜನ ಹೆಂಗ ಕೂಡ್ತಾರ, ಹೆಂಗ ನಡೀತಾರ’ ಅಂತ ಮೊದಲು ನೋಡಿದರು, ಅಷ್ಟೇ. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಐದು ತಾಲೂಕಿನ ಲ್ಯಾಬ್

ಹಾಗಾದ್ರೆ ನಮ್ಮೂರಿನ ಕಾಲೇಜು ಹುಡುಗರಿಗೆ ಇದರಲ್ಲಿ ಏನು ಕೆಲಸ? ಬಹಳ ಇದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆಯ ಪದವಿ ಶಿಕ್ಷಣ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿತ್ತು. 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿತು. ಬಿ.ಪಿ.ಇಡಿ. ಓದುವವರಿಗೆ ಬಯೋಮೆಕ್ಯಾನಿಕ್ಸ್ ಪಾಠದ ವಿಷಯ. ಇನ್ನೊಂದು ಕಡೆ ಚಿಕ್ಕೋಡಿ, ನಿಪ್ಪಾಣಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಅವು ವಿಟಿಯು ಕೆಳಗೆ. ಮೈ ಬಲ್ಲವರು ಒಂದು ಕಡೆ, ಕೋಡ್ ಬಲ್ಲವರು ಇನ್ನೊಂದು ಕಡೆ. ಈ ಇಬ್ಬರೂ ಒಂದೇ ಟೇಬಲ್ಲಿಗೆ ಬಂದರೆ ಅರ್ಧ ಲ್ಯಾಬ್ ಆದಂಗ.

ಉಳಿದ ಅರ್ಧ ನಿಮ್ಮ ಕೈಯಲ್ಲೇ ಇದೆ. ಹೌದು, ಈಗ ಈ ಸಂಚಿಕೆ ಕೇಳ್ತಿರೋ ಫೋನ್. ‘ಓಪನ್‌ಕ್ಯಾಪ್’ ಎಂಬ ಉಚಿತ ಸಾಧನದ ಬಗ್ಗೆ ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಬಂಧ ಪ್ರಕಟಿಸಿದರು. ಎರಡು ಐಫೋನ್ ವಿಡಿಯೊ ಇದ್ದರೆ ಚುಕ್ಕೆ ಅಂಟಿಸದೆಯೇ ಮೂರು ಆಯಾಮದ ಚಲನೆ ಸಿಗುತ್ತದೆ. ಐಫೋನ್ ಇಲ್ಲವೇ? ‘ಕಿನೋವಿಯಾ’ ಎಂಬ ಉಚಿತ ತಂತ್ರಾಂಶದಲ್ಲಿ ಸಾಧಾರಣ ಫೋನಿನ ವಿಡಿಯೊ ಹಾಕಿ ಕೀಲಿನ ಕೋನ ಅಳೆಯಬಹುದು. ಫೋನನ್ನು ಸ್ಟ್ಯಾಂಡಿಗೆ ನಿಲ್ಲಿಸಬೇಕು, ಸರಿಯಾಗಿ ಪಕ್ಕದಿಂದ ಹಿಡಿಯಬೇಕು, ಬಿಗಿ ಬಟ್ಟೆ ಇರಬೇಕು. ಧೋತರ, ಸೀರೆ ಇದ್ದರೆ ಸೊಂಟ, ಮೊಣಕಾಲು ಕ್ಯಾಮೆರಾಕ್ಕೆ ಸರಿಯಾಗಿ ಕಾಣಲ್ಲ. ಮೊದಲು ಅವರ ಒಪ್ಪಿಗೆ ಕೇಳಬೇಕು. ಅಳೆಸಿಕೊಳ್ಳುವವರು ಮನುಷ್ಯರು, ಡೇಟಾ ಅಲ್ಲ.

ಏನು ಅಳೀಬಹುದು? ನಾಲ್ಕು ನೂರು ಬೈಠಕ್ ಹೊಡೆಯುವ ಪೈಲ್ವಾನನ ಮೊದಲ ಬೈಠಕ್‌ಗೂ ಕೊನೆಯ ಬೈಠಕ್‌ಗೂ ಮೊಣಕಾಲಿನ ಕೋನ ಎಷ್ಟು ಬೇರೆ? ಕಬ್ಬಿನ ಹೊರೆ ತಲೆ ಮೇಲಿಟ್ಟುಕೊಂಡು ಹಲಗೆ ಹತ್ತಿ ಟ್ರೈಲರಿಗೆ ಹಾಕುವವರ ಬೆನ್ನು ಎಷ್ಟು ಬಾಗುತ್ತೆ? ಇದು ಪರೀಕ್ಷೆಯ ಪ್ರಶ್ನೆ ಮಾತ್ರ ಅಲ್ಲ, ಮೂವತ್ತಕ್ಕೇ ಸೊಂಟ ಹಿಡಿದುಕೊಂಡು ಕೂಡುವವರ ಬದುಕಿನ ಪ್ರಶ್ನೆ. ಇನ್ನು ಚಪ್ಪಲಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿಗೂ ಹಕ್ಕು ಸಿಕ್ಕಿತು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ತಲೆತಲಾಂತರದಿಂದ ಮಾಡಿದ ಚಪ್ಪಲಿ ಅದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿಯ ಫ್ಯಾಶನ್ ಶೋನಲ್ಲಿ ಅದೇ ತರಹದ ಚಪ್ಪಲಿ ಬಂದಾಗ ಗದ್ದಲ ಎದ್ದದ್ದು ನಿಮಗೆ ನೆನಪಿರಬೇಕು. ಅದರ ಅಂದದ ಬಗ್ಗೆ ಜಗತ್ತೆಲ್ಲ ಮಾತಾಡಿತು. ಹೆಬ್ಬೆರಳಿನ ಕುಣಿಕೆ ಇರುವ ಆ ಗಟ್ಟಿ ಚರ್ಮದ ಮೇಲೆ ಪಾದ ಹೇಗೆ ಮಗುಚುತ್ತೆ, ಮೀನಖಂಡದ ಸ್ನಾಯು ಹೇಗೆ ಎಳೆಯುತ್ತೆ ಅನ್ನೋದು ಅಥಣಿಯ ವಿದ್ಯಾರ್ಥಿ ಅಳೆಯಲಿ. ಅವನಿಗಿಂತ ಹತ್ತಿರದವರು ಇನ್ಯಾರಿದ್ದಾರೆ?

ನೂರು ವರ್ಷದ ಹಿಂದೆ ಬೆಳಗಾವಿಯ ಓಟಗಾರ ಜಗತ್ತಿನ ಎದುರು ಓಡಿದ. ಅವನ ಸ್ಥಾನದ ಅಂಕಿ ಉಳಿಯಿತು, ಹೆಜ್ಜೆ ಉಳಿಯಲಿಲ್ಲ. ಆಗ ಅಳೆಯುವ ಸಾಧನ ನಮ್ಮ ಕೈಯಲ್ಲಿರಲಿಲ್ಲ. ಈಗ ಇದೆ. ಕಂಪ್ಯೂಟರ್ ತನ್ನ ಎದುರು ನಿಂತ ಮೈಯನ್ನಷ್ಟೇ ಬಲ್ಲದು. ನಾವು ಅದರ ಎದುರು ನಿಲ್ಲದಿದ್ದರೆ, ಬೇರೆಯವರ ಮೈಯ ಲೆಕ್ಕವನ್ನೇ ಸರಿಯಾದ ಲೆಕ್ಕ ಅಂತ ಕಲಿತು, ನಾಳೆ ಪಿ.ಟಿ. ಮಾಸ್ತರಾಗಿ ನಮ್ಮ ಮಕ್ಕಳಿಗೂ ಅದನ್ನೇ ಕಲಿಸ್ತೀವಿ.

ಇವತ್ತಿಗೆ ಇಷ್ಟು. ನಿಮ್ಮೂರ ಗರಡಿಮನಿ ಇನ್ನೂ ನಡೀತದೇನು? ಅಲ್ಲಿ ಹಳೇ ವಸ್ತಾದರು ಇದ್ರೆ, ಒಂದು ಸಂಜೆ ಹೋಗಿ ಅವರ ಅನುಮತಿ ಕೇಳಿ, ಒಂದೇ ಒಂದು ಬೈಠಕ್ಕಿನ ವಿಡಿಯೊ ಮಾಡ್ಕೊಂಡು ಇಟ್ಕೊಳ್ರಿ. ಮುಂದಿನ ಸಂಚಿಕೆಯಾಗ ಸಿಗೋಣ. ಬರ್ತೀನ್ರೀ, ನಮಸ್ಕಾರ.